ಅಕ್ಕಯಮ್ಮ ಫಿಲಂಸ್, ಮಧುರೆ ಹೋಬಳಿ

"ಇದು ಯಾರ ಹೆಲ್ಮೆಟ್?"

ಸಬ್ ಇನ್ಸ್‌ಪೆಕ್ಟರ್ ಹರ್ಷಿತ ಕೇಳಿದ್ದು ಅಷ್ಟೇ. ಸಿಂಧು ಕೈಯಲ್ಲಿದ್ದ ಹಾಲಿನ ಕ್ಯಾನನ್ನು ಜಗಲಿಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು.

"ನಂದು. ನಿಮ್ಮತ್ರ ಹೇಗೆ ಬಂತು ಮೇಡಂ?"

"ನಿಮ್ಮ ಯಜಮಾನರ ಬೈಕಲ್ಲಿ ನೇತಾಡ್ತಿತ್ತು. ಒಂದು ಕಡೆ ಅವರದು, ಇನ್ನೊಂದು ಕಡೆ ಇದು."

ಸಿಂಧುವಿನ ಗಂಡ ವಸಂತ್ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರು. ಹೋದ ವಾರ ಮಾಕಳಿದುರ್ಗದ ಬಂಡೆಗಳ ಕೆಳಗೆ ಹೆಣವಾಗಿ ಸಿಕ್ಕಿದ್ದ. 'ಕಾಲು ಜಾರಿ ಬಿದ್ದು ಸಾವು' ಎಂದು ಬರೆದು ಕೈತೊಳೆದುಕೊಳ್ಳಲು ಇನ್ಸ್‌ಪೆಕ್ಟರ್ ವೆಂಕಟರಾಯಪ್ಪ ಹರ್ಷಿತಳಿಗೆ ಇವತ್ತು ಸಂಜೆಯವರೆಗೆ ಗಡುವು ಕೊಟ್ಟಿದ್ದರು.

"ಆವತ್ತು ನೀವು ಅವರ ಜೊತೆ ಬೈಕಲ್ಲಿ ಹೋಗಿದ್ರಾ?"

"ಇಲ್ಲ. ನಾನು ಸೂಲಿಬೆಲೆಲಿ ನಮ್ಮಮ್ಮನ ಮನೇಲಿದ್ದೆ. ಇದು ಆ ಮೊಳೆಲಿ ಇರ್ಬೇಕಿತ್ತು." ಬಾಗಿಲ ಪಕ್ಕದ ಗೋಡೆಯ ಮೇಲೆ ಖಾಲಿ ಮೊಳೆಯಿತ್ತು. ಸಾವಿನ ಮನೆಯ ಗಡಿಬಿಡಿಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ.

"ಹಾಕ್ಕೊಳ್ಳಿ."

ಸಿಂಧು ಅನುಮಾನಿಸುತ್ತಲೇ ತಲೆಗೆ ಏರಿಸಿದಳು. ಗದ್ದದ ಕೆಳಗಿನ ಪಟ್ಟಿ ಕತ್ತಿನವರೆಗೂ ಜೋತುಬಿತ್ತು.

"ಇದನ್ನ ಸಡಿಲ ಮಾಡಿದ್ದು ಯಾರು?"

"ಗೊತ್ತಿಲ್ಲ ಮೇಡಂ. ನಾನು ಪೂರ್ತಿ ಬಿಗಿ ಮಾಡಿಟ್ಟಿರ್ತೀನಿ. ಇಲ್ದಿದ್ರೆ ಗಾಳಿಗೆ ಹಾರೋಗತ್ತೆ."

ಹರ್ಷಿತ ಹೆಲ್ಮೆಟ್ ವಾಪಸು ತೆಗೆದುಕೊಂಡಳು. ಈ ಕಡೆ ಹಳ್ಳಿಯಲ್ಲಿ ತಲೆಗೆ ಹೆಲ್ಮೆಟ್ ಹಾಕುವವರೇ ಕಮ್ಮಿ. ಟೌನು ದಾಟಬೇಕಾದಾಗ ದಂಡದ ಭಯಕ್ಕೆ ಹಾಕುತ್ತಾರೆ. ಹಿಂದೆ ಕೂರುವವರಿಲ್ಲದೆ ಎರಡನೆಯ ಹೆಲ್ಮೆಟ್ಟನ್ನು ಯಾರೂ ಹೊತ್ತುಕೊಂಡು ತಿರುಗುವುದಿಲ್ಲ. ವಸಂತನ ಹಿಂದೆ ಆವತ್ತು ಒಬ್ಬ ಕೂತಿದ್ದ. ಅವನ ಮುಖ ದೊಡ್ಡದು. ಇಬ್ಬರೂ ಬೈಕು ನಿಲ್ಲಿಸಿ, ಹೆಲ್ಮೆಟ್ಟುಗಳನ್ನು ನೇತುಹಾಕಿ, ಬೆಟ್ಟ ಹತ್ತಿದ್ದರು. ಇಳಿದು ಬಂದವನು ಒಬ್ಬನೇ. ಬೈಕಿನ ಕೀ ಹೆಣದ ಜೇಬಿನಲ್ಲಿತ್ತು, ಹಾಗಾಗಿ ಬೈಕು ಅಲ್ಲೇ ಉಳಿದಿತ್ತು.

ಇದು ಕಾಲು ಜಾರಿದ ಕೇಸಲ್ಲ. ಆದರೆ ಒಂದು ಸಡಿಲವಾದ ಪಟ್ಟಿ ಹಿಡಿದುಕೊಂಡು ಹೋದರೆ ವೆಂಕಟರಾಯಪ್ಪ ನಗುತ್ತಾರೆ.

ಕೊಟ್ಟಿಗೆಯಿಂದ ಅಕ್ಕಯಮ್ಮ ಹೊರಬಂದಳು. ವಸಂತನ ತಾಯಿ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಕೈತುಂಬ ಸಗಣಿ. ಮಗನನ್ನು ಮಣ್ಣಿಗಿಟ್ಟ ಮಾರನೇ ದಿನವೂ ಡೇರಿಗೆ ಹಾಲು ಹಾಕಿದ ಹೆಂಗಸು.

"ಬಂದ್ಯಾ ತಾಯಿ. ಕೂತ್ಕೋ. ಪಿಚ್ಚರ್ ಮಾಲೀಕಳ ಮನೇಲಿ ಕುರ್ಚಿ ಒಂದೇ ಇರೋದು, ಅದರದೂ ಕಾಲು ಮುರ್ದೈತೆ."

"ನಾನು ನಿಂತಿರ್ತೀನಿ ಅಜ್ಜಿ."

"ನಾನು ಟಾಕೀಸಿಗೇ ಹೋದೋಳಲ್ಲ. ಈಗ ನೋಡು, ಅಕ್ಕಯಮ್ಮ ಫಿಲಂಸು! ಕಂಪನಿ ರಿಜಿಸ್ಟರಿಗೆ ಅಂತ ಇದೇ ಕೊಟ್ಟಿಗೆಗೆ ಬೋರ್ಡು ಕಟ್ಟಿ, ನನ್ನ ಅದರ ಮುಂದೆ ನಿಲ್ಲಿಸಿ ಫೋಟೋ ಹೊಡ್ಕೊಂಡ್ರು. ಎಮ್ಮೆನೂ ಬಿತ್ತು ಫೋಟೋದಲ್ಲಿ. ಸಾಯಂಕಾಲಕ್ಕೆ ಬೋರ್ಡು ಬಿಚ್ಕೊಂಡ್ ಹೋದ್ರು."

ಅರ್ಕಾವತಿಯ ಬತ್ತಿದ ಕೆರೆಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ವಸಂತನಿಗೆ ಸರ್ಕಾರದ ಅನುದಾನ ಸಿಕ್ಕಿತ್ತು. ಛಾಪಾ ಕಾಗದದ ಮೇಲೆ ಕರಾರು ತಯಾರಾದಾಗ ಇಲಾಖೆಯವರು ಒಂದು ಷರತ್ತು ತೋರಿಸಿದರು: ಜಿಎಸ್‌ಟಿ ನೋಂದಣಿ ಇಲ್ಲದ ನಿರ್ಮಾಪಕರಿಗೆ ಹಣ ಬಿಡುಗಡೆ ಇಲ್ಲ. ಸರ್ಕಾರಿ ಮೇಷ್ಟ್ರು ವ್ಯಾಪಾರ ಸಂಸ್ಥೆ ನಡೆಸುವ ಹಾಗಿಲ್ಲ. ಹಾಗಾಗಿ ಸಂಸ್ಥೆ ತಾಯಿಯ ಹೆಸರಿನಲ್ಲಿ ಹುಟ್ಟಿತು. ಈ ತಾಲ್ಲೂಕಿನಲ್ಲಿ ಅದೇನು ಹೊಸದಲ್ಲ. ನೌಕರರ ಮನೆಗಳಲ್ಲಿ ಹೆಂಡತಿ ಗುತ್ತಿಗೆದಾರಳು, ತಾಯಿ ಅಂಗಡಿಯ ಮಾಲೀಕಳು, ಅತ್ತೆ ಟೆಂಪೋ ಒಡತಿ. ಯಾರೂ ಅದನ್ನು ತಪ್ಪು ಎಂದುಕೊಂಡಿರಲಿಲ್ಲ. ವಸಂತನೂ ಅಂದುಕೊಳ್ಳಲಿಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಕಲಿತ ಸಹಿಯನ್ನು ಅಕ್ಕಯಮ್ಮ ಮಗ ತೋರಿಸಿದ ಕಡೆಯಲ್ಲೆಲ್ಲ ಹಾಕಿದ್ದಳು. ಅವಳಿಗೆ ಬರೆಯಲು ಬರುತ್ತಿದ್ದದ್ದು ಆ ಹೆಸರು ಒಂದೇ.

ಆಮೇಲೆ ಅಕ್ಕಯಮ್ಮ ಫಿಲಂಸ್ ಮನೆಯವರಿಗೆ ಗೊತ್ತಿಲ್ಲದ ಹಾಗೆ ಪಿಲ್ಲಗುಂಪೆಯ ಕಡೆಯ ಕಾರ್ಖಾನೆಗಳಿಗೆ ಲೋಡುಗಟ್ಟಲೆ ಗುಜರಿ ಕಬ್ಬಿಣ ಮಾರಿತ್ತು. ಬಿಲ್ಲು ಮಾತ್ರ ಇತ್ತು, ಕಬ್ಬಿಣ ಇರಲಿಲ್ಲ; ಆ ಬಿಲ್ಲು ತೋರಿಸಿ ಕಾರ್ಖಾನೆಗಳು ತಮ್ಮ ತೆರಿಗೆ ಕಡಿಮೆ ಮಾಡಿಕೊಂಡಿದ್ದವು. ತೆರಿಗೆಯವರು ಈಗ ಮಾಲೀಕಳನ್ನು ಹುಡುಕಿಕೊಂಡು ಬಂದಿದ್ದರು.

"ನಮ್ಮನೆ ಕಬ್ಬಿಣ ಅಂದ್ರೆ ಹಾರೆ ಒಂದು, ಕುಡ್ಲು ಎಲ್ಡು. ಅದನ್ನೇ ಮಾರ್ದೆ ಅಂತ ಬರ್ಕೊಳ್ಳಿ ಅಂದೆ. ನಗ್ಲಿಲ್ಲ ಕಣವ್ವ ಅವ್ರು."

"ತೆರಿಗೆಯೋರು ಇವತ್ತು ವಿಚಾರಣೆಗೆ ಕರೆದಿದ್ದಾರಲ್ಲ, ಹೋಗ್ಬೇಡಿ. ಅಲ್ಲಿನ ಮೇಡಂ ಹತ್ರ ಮಾತಾಡಿದೀನಿ, ಟೈಮ್ ಕೊಡ್ತಾರೆ. ನಾನು ಬರೋವರ್ಗೂ ಯಾವ ಕಾಗದಕ್ಕೂ ಸೈನ್ ಹಾಕ್ಬೇಡಿ. ಅಲ್ಲಿ ಕೊಟ್ಟ ಹೇಳಿಕೆ ಕೋರ್ಟಿಗೆ ಹೋಗುತ್ತೆ. ಆಮೇಲೆ ಯಾರಿಂದ್ಲೂ ಅಳ್ಸೋಕಾಗಲ್ಲ."

ಅಕ್ಕಯಮ್ಮ ಬಕೀಟಿನಲ್ಲಿ ಕೈ ತೊಳೆಯುತ್ತ ಕೇಳಿದಳು. "ಒಂದ್ ಮಾತು ಕೇಳ್ತೀನಿ, ನಿಜ ಹೇಳು. ನನ್ ಮಗ ನೌಕರೀಲಿದ್ಕಂಡು ಬಿಜಿನೆಸ್ ಮಾಡ್ತಿದ್ದ ಅಂತ ಬರೆದ್ರೆ, ಅವನ ಬದ್ಲಿಗೆ ಕೊಡೋ ಅನುಕಂಪದ ಕೆಲಸ ಇವಳಿಗೆ ಸಿಗಕಿಲ್ಲವಂತೆ. ಹೌದಾ?"

"ಅತ್ತೆ, ಈಗ ಅದೆಲ್ಲ ಬೇಡ."

"ನೀ ಸುಮ್ನಿರು ಸಿಂಧು. ನಾನಿನ್ನೆಷ್ಟು ದಿನ ಹಾಲು ಕರೀಲಿ?"

"ಯಾರು ಹೇಳಿದ್ದು ನಿಮಗೆ?" ಹರ್ಷಿತ ಕೇಳಿದಳು.

"ಹೇಳೋರಿಗೇನು ಬರ. ಹೌದೋ ಅಲ್ವೋ?"

"ನನಗೆ ಗೊತ್ತಿಲ್ಲ ಅಜ್ಜಿ."

ಗೊತ್ತಿತ್ತು. ಇಲಾಖೆಯ ವಿಚಾರಣೆ ಒಮ್ಮೆ ಶುರುವಾದರೆ ಸಿಂಧುವಿನ ತಲೆ ನೆರೆಯುವವರೆಗೂ ಆ ಕಡತ ಮೇಲೇಳುವುದಿಲ್ಲ. ಅಕ್ಕಯಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಉತ್ತರ ಸಿಕ್ಕಿತ್ತೆಂದು ಕಾಣುತ್ತದೆ.

"ಆಯ್ತು ತಾಯಿ. ಸೈನ್ ಹಾಕಲ್ಲ," ಎಂದಳು. ಹಾಗೆನ್ನುವಾಗ ಅವಳು ನೋಡುತ್ತಿದ್ದದ್ದು ಎಮ್ಮೆಯನ್ನು.

*

ಜೀಪು ದೊಡ್ಡಬಳ್ಳಾಪುರದೊಳಕ್ಕೆ ಬಂದಾಗ ಡ್ರೈವರ್ ಬೈರೇಶ್ ಕೇಳಿದ. "ಆಡಿಟರ್ ಚಿನ್ನಸ್ವಾಮಿನೇ ಅಂತೀರಾ ಮೇಡಂ?"

"ಅಜ್ಜಿ ಕಂಪನಿ ರಿಜಿಸ್ಟರ್ ಮಾಡಿಸಿದ್ದು ಅವನು. ಬಿಲ್ಲು ಹೋಗಿರೋದು ಅವನ ಆಫೀಸಿನ ಇಂಟರ್ನೆಟ್ಟಿಂದ."

"ಅವನು ಸೊಳ್ಳೆ ಹೊಡೆಯೋಕೂ ಹುಡುಗರನ್ನ ಕರೀತಾನೆ. ಬೆಟ್ಟ ಹತ್ತಿ ಒಬ್ಬನ್ನ ತಳ್ತಾನಾ?"

"ಅದನ್ನೇ ನೋಡಾಣ ನಡಿ."

ಮಗ್ಗದ ಶೆಡ್ಡಿನ ಮಹಡಿಯ ಮೇಲೆ ಚಿನ್ನಸ್ವಾಮಿಯ ಆಫೀಸು. ಬೋರ್ಡಿನಲ್ಲಿ ತೆರಿಗೆ ಸಲಹೆಗಾರ ಎಂದಿತ್ತು. ಊರಿನವರ ಬಾಯಲ್ಲಿ ಆಡಿಟರ್. ಕೆಳಗೆ ಮಗ್ಗಗಳು ಬಡಿಯುತ್ತಿದ್ದವು, ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ದನಿ ಯಾವಾಗಲೂ ಒಂದು ಮೆಟ್ಟಿಲು ಎತ್ತರದಲ್ಲೇ ಇರುತ್ತಿತ್ತು. ಆಳು ಮಾತ್ರ ಕಡ್ಡಿ.

"ಅಕ್ಕಯಮ್ಮ ಫಿಲಂಸಾ? ಮಾಡ್ಕೊಟ್ಟಿದೀನಿ ಮೇಡಂ. ಅದ್ರಲ್ಲಿ ತಪ್ಪೇನಿದೆ? ಕರಾರು ತಂದು ತೋರ್ಸಿದ್ರು, ಜಿಎಸ್‌ಟಿ ಬೇಕು ಅಂದ್ರು, ಮಾಡಿಸ್ದೆ. ಆಮೇಲಿಂದು ಪಾರ್ಟಿ ಜವಾಬ್ದಾರಿ. ಓಟಿಪಿ ಹೋಗೋದು ಅವರ ಫೋನಿಗೆ. ಅವರು ನಂಬರ್ ಹೇಳ್ದಿದ್ರೆ ಪೋರ್ಟಲ್ ಬಾಗಿಲೇ ತೆಗೆಯಲ್ಲ. ನಮಗೂ ಅದಕ್ಕೂ ಸಂಬಂಧ ಇಲ್ಲ."

"ಅಕ್ಕಯಮ್ಮನ ಫೋನಿಗೆ?"

"ಮತ್ತೆ ಇನ್ಯಾರ ಫೋನಿಗೆ?"

ಹರ್ಷಿತ ಮೊಬೈಲ್ ತೆಗೆದು, ನೋಂದಣಿಯಲ್ಲಿ ಅಕ್ಕಯಮ್ಮನದೆಂದು ಕೊಟ್ಟಿದ್ದ ನಂಬರು ಒತ್ತಿದಳು.

ಚಿನ್ನಸ್ವಾಮಿಯ ಬೆನ್ನ ಹಿಂದಿನ ಕಬ್ಬಿಣದ ಬೀರುವಿನೊಳಗೆ ಏನೋ ಕೀಚಲು ದನಿಯಲ್ಲಿ ಹಾಡತೊಡಗಿತು.

ಚಿನ್ನಸ್ವಾಮಿ ಅಲುಗಲಿಲ್ಲ. ಫೋನು ಹಾಡುತ್ತಲೇ ಇತ್ತು.

"ಎತ್ತಿ ಗುರು," ಎಂದ ಬೈರೇಶ್. "ಅಕ್ಕಯಮ್ಮನೋರ ಫೋನು. ಪಾಪ, ಅವರು ಹಾಲು ಕರೀತಾವ್ರೆ."

ಬೀರು ತೆಗೆಸಿದಾಗ ಒಳಗಿನ ಎರಡು ಹಲಗೆಗಳ ತುಂಬ ಹಳೆಯ ಕೀಪ್ಯಾಡ್ ಫೋನುಗಳು, ಚಾರ್ಜಿಗೆ ಸಿಕ್ಕಿಸಿಕೊಂಡು, ಹಾಸ್ಟೆಲಿನ ಹುಡುಗರಂತೆ ಸಾಲಾಗಿ ಮಲಗಿದ್ದವು. ಪ್ರತಿಯೊಂದರ ಬೆನ್ನಿಗೂ ಬಿಳಿ ಟೇಪು, ಟೇಪಿನ ಮೇಲೆ ಹೆಸರು. ಯಾರದೋ ತಾಯಿ, ಯಾರದೋ ಹೆಂಡತಿ, ಯಾರದೋ ತಾತ. ಹೆಸರಿನ ಕೆಳಗೆ ಒಂದೊಂದು ಫಿಲಂ ಕಂಪನಿ.

"ಎಲ್ರೂ ಇಟ್ಟು ಹೋಗ್ತಾರೆ ಮೇಡಂ," ಚಿನ್ನಸ್ವಾಮಿ ಈಗ ಬೆವರುತ್ತಿದ್ದ. "ಕೇಳಿ ಬೇಕಾದ್ರೆ. ಹಾರ್ಡ್‌ವೇರ್ ಅಂಗಡಿಯೋರು, ಚಿಕನ್ ಸೆಂಟರಿನೋರು, ಎಲ್ರೂ ಒಂದು ಸಿಮ್ ನಂಗೆ ಕೊಟ್ಟು ಹೋಗ್ತಾರೆ. ಈ ಡೈರೆಕ್ಟರ್ ಹುಡುಗರಿಗೆ ಲೆನ್ಸ್ ಗೊತ್ತು, ಶಾಟ್ ಗೊತ್ತು, ರಿಟರ್ನ್ ಅಂದ್ರೆ ರಿಟರ್ನ್ ಟಿಕೆಟ್ಟಾ ಅಂತಾರೆ. ಕೆರೆ ಮಧ್ಯ ಕ್ಯಾಮೆರಾ ಇಟ್ಕೊಂಡು ನಿಂತಿರ್ತಾರೆ, ಇಲ್ಲಿ ನಾನು ಓಟಿಪಿಗೆ ಕಾಯ್ಬೇಕು. ಒಂದು ತಿಂಗಳು ತಪ್ಪಿದ್ರೆ ದಂಡ, ನೋಂದಣಿ ರದ್ದಾದ್ರೆ ಮುಂದಿನ ಕಂತು ಬರಲ್ಲ, ಚಿತ್ರ ಮುಗಿಸ್ದಿದ್ರೆ ತಗೊಂಡಿದ್ದೆಲ್ಲ ಬಡ್ಡಿ ಸಮೇತ ವಾಪಸ್. ಕರಾರಲ್ಲಿ ಹಂಗಿದೆ. ಕಾಲು ಹಿಡ್ಕೊಂಡು ಅವರೇ ಕೊಟ್ಟು ಹೋಗಿರೋ ಫೋನಿವು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದಲ್ಲಾಳಿಗಳನ್ನು ದೂರ ಇಡಲೆಂದು ತಂದ ಓಟಿಪಿಯ ನಿಯಮ ದಲ್ಲಾಳಿಗೆ ಒಂದು ಬೀರು ಕೊಡಿಸಿತ್ತು.

ಹರ್ಷಿತ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು. "ಹಾಕ್ಕೊಳ್ಳಿ."

"ಯಾಕೆ?"

"ಹಾಕ್ಕೊಳ್ರೀ."

ಹೆಲ್ಮೆಟ್ಟಿನೊಳಗೆ ಚಿನ್ನಸ್ವಾಮಿಯ ತಲೆ ಗಡಿಗೆಯೊಳಗಿನ ಸೌಟಿನ ಹಾಗೆ ಆಡಿತು. ಪಟ್ಟಿ ಎದೆಯ ಹತ್ತಿರ ನೇತಾಡಿತು. ಬೈರೇಶ್ ನಕ್ಕ. ಹರ್ಷಿತ ನಗಲಿಲ್ಲ.

"ನೀವಲ್ಲ," ಎಂದಳು.

"ಏನು ನಾನಲ್ಲ?"

"ಇದನ್ನ ಹಾಕ್ಕೊಂಡು ವಸಂತ್ ಹಿಂದೆ ಕೂತು ಮಾಕಳಿದುರ್ಗಕ್ಕೆ ಹೋದೋರು. ವಸಂತ್ ಬಿದ್ದಿಲ್ಲ ಚಿನ್ನಸ್ವಾಮಿ. ತಳ್ಳಿದ್ದಾರೆ. ಆದರೆ ನಿಮ್ಮ ಬೀರು ನೋಡಿದ ಯಾವ ಜಡ್ಜೂ, ತಳ್ಳಿದ್ದು ನೀವಲ್ಲ ಅಂತ ನಂಬಲ್ಲ."

ಚಿನ್ನಸ್ವಾಮಿ ಹೆಲ್ಮೆಟ್ ತೆಗೆಯುವುದನ್ನೂ ಮರೆತ. ಒಳಗಿನಿಂದ ದನಿ ಬಂತು. "ಮೇಡಂ, ನಾನು ಕಾಗದದ ಕೆಲಸದೋನು. ಕೊಲೆಗಿಲೆ ನನ್ನ ತಲೆಗೆ ಕಟ್ಬೇಡಿ. ನಂಗೆ ಎರಡು ಹೆಣ್ಣುಮಕ್ಕಳು."

"ಈ ಫೋನಿಗೆ ಬಂದ ಓಟಿಪಿನ ಯಾರಿಗೆ ಓದಿ ಹೇಳ್ತಿದ್ರಿ?"

ಚಿನ್ನಸ್ವಾಮಿ ಬೀರುವಿನ ಕಡೆ ಒಮ್ಮೆ ತಿರುಗಿ ನೋಡಿದ.

"ಉಮಾಶಂಕರ್‌ಗೆ."

ಹರ್ಷಿತಳಿಗೆ ಆ ಹೆಸರು ಹೊಸದಲ್ಲ. ಶೂಟಿಂಗಿಗೆ ಕ್ಯಾಮೆರಾ, ಲೈಟು ಬಾಡಿಗೆಗೆ ಕೊಡುವವನು. ವಸಂತನ ಗೆಳೆಯ. ಎತ್ತರದ, ದಪ್ಪ ಗಡ್ಡದ ಆಳು. ಚಟ್ಟಕ್ಕೆ ಮುಂದಿನಿಂದ ಹೆಗಲು ಕೊಟ್ಟವನು ಅವನೇ. ಗುಂಡಿಯ ಹತ್ತಿರ ಕುಸಿದು ಕೂತು ಅತ್ತವನೂ ಅವನೇ. ಆವತ್ತು ಅಕ್ಕಯಮ್ಮ ತನ್ನ ದುಃಖ ಬಿಟ್ಟು ಅವನಿಗೆ ನೀರು ಕುಡಿಸಿದ್ದಳು.

"ಅನುದಾನ ಸಿಕ್ಕಿದ ಹುಡುಗರನ್ನೆಲ್ಲ ಇಲ್ಲಿಗೆ ಕರ್ಕೊಂಡು ಬರ್ತಿದ್ದೋನು ಅವನೇ ಮೇಡಂ. ಸಂಸ್ಥೆ ಮಾಡಿಸೋದು, ಬೋರ್ಡು ಕಟ್ಟೋದು, ಫೋಟೋ ತೆಗೆಸೋದು, ಎಲ್ಲ ಅವನು. ಕಾರ್ಖಾನೆಯೋರ ಪರಿಚಯನೂ ಅವನದೇ. ನಾನು ಓಟಿಪಿ ಓದ್ತಿದ್ದೆ ಅಷ್ಟೇ."

"ವಸಂತ್‌ಗೆ ಇದು ಗೊತ್ತಾಗಿತ್ತಾ?"

"ತೆರಿಗೆಯೋರ ನೋಟಿಸು ಹಿಡ್ಕೊಂಡು ಇಲ್ಲಿಗೇ ಬಂದಿದ್ರು. ನೀವು ಕೂತಿರೋ ಕುರ್ಚಿಲೇ ಕೂತಿದ್ರು. ಜಗಳ ಆಡ್ಲಿಲ್ಲ. ಅದೇ ಭಯ ಆಗಿದ್ದು ನಂಗೆ. 'ನನ್ನ ಕೆಲಸ ಹೋದ್ರೂ ಹೋಗ್ಲಿ ಚಿನ್ನಸ್ವಾಮಿ, ಅಮ್ಮನ್ನ ಜೈಲಿಗೆ ಕಳ್ಸಲ್ಲ, ನಾನೇ ಹೋಗಿ ಎಲ್ಲ ಹೇಳ್ಬಿಡ್ತೀನಿ' ಅಂದ್ರು. ಅವರು ಮೆಟ್ಟಿಲು ಇಳೀತಿದ್ದಂಗೆ ನಾನು ಉಮಾಶಂಕರ್‌ಗೆ ಫೋನ್ ಮಾಡ್ದೆ."

"ಆಮೇಲೆ?"

"ಮಾರನೇ ದಿನ ಅವರು ತೀರ್ಕೊಂಡ್ರು ಅಂತ ಪೇಪರಲ್ಲಿ ನೋಡ್ದೆ."

"ಇಷ್ಟನ್ನೂ ಬರೀರಿ. ನಿಮ್ಮ ಕೈಯಲ್ಲೇ."

ಚಿನ್ನಸ್ವಾಮಿ ಹೆಲ್ಮೆಟ್ ಕಳಚಿಟ್ಟು ಬಿಳಿ ಹಾಳೆ ಎಳೆದುಕೊಂಡ. ಹರ್ಷಿತ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟಳು. ಕಾರಣ ಸಿಕ್ಕಿತ್ತು, ಆಳು ಸಿಕ್ಕಿದ್ದ. ಮಗ ತಾನೇ ಒಪ್ಪಿಕೊಳ್ಳಲು ಹೊರಟಿದ್ದ ಎಂದು ಈ ಹಾಳೆ ಹೇಳಿದರೆ ಅಕ್ಕಯಮ್ಮನೂ ಉಳಿದುಕೊಳ್ಳುತ್ತಾಳೆ. ಸಿಂಧುವಿಗೆ ಕೆಲಸ ಸಿಗುವುದಿಲ್ಲ. ಅದಕ್ಕೆ ಹರ್ಷಿತಳ ಹತ್ತಿರ ಔಷಧಿ ಇರಲಿಲ್ಲ.

ಚಿನ್ನಸ್ವಾಮಿ ನಾಲ್ಕನೇ ಸಾಲಿನಲ್ಲಿದ್ದಾಗ ಅವಳಿಗೆ ಫೋನು ಬಂತು. ತೆರಿಗೆ ಕಚೇರಿಯ ಅಧಿಕಾರಿಣಿ. ಮಗ್ಗದ ಸದ್ದಿನಲ್ಲಿ ಕೇಳಿಸದೆ ಹರ್ಷಿತ ಸ್ಪೀಕರಿಗೆ ಹಾಕಿದಳು.

"ನಿಮ್ಮ ಅಜ್ಜಿ ಬಂದಿದ್ರು ಹರ್ಷಿತ."

"ಬರಲ್ಲ ಅಂದಿದ್ರಲ್ಲ ಮೇಡಂ. ಟೈಮ್ ಕೊಡ್ತೀನಿ ಅಂದಿದ್ರಿ ನೀವು."

"ಅವರಾಗೇ ಬಂದು ಕೂತ್ರೆ ನಾನೇನು ಬಾಗಿಲು ಹಾಕ್ಕೊಳ್ಲಾ? ಒಪ್ಕೊಂಡ್ಬಿಟ್ರು."

"ಏನನ್ನ?"

"ಎಲ್ಲಾನೂ. ಕಂಪನಿ ನಂದು, ಕಬ್ಬಿಣ ಕೊಂಡಿದ್ದೂ ನಾನು, ಮಾರಿದ್ದೂ ನಾನು ಅಂತ. ಗುಜರಿ ಕಬ್ಬಿಣ ಕೇಜಿಗೆ ಎಷ್ಟು ಅಂತ ಕೇಳ್ದೆ, ಅದನ್ನೂ ಸರಿಯಾಗಿ ಹೇಳಿದ್ರು. 'ಮಗನಿಗೆ ಏನೂ ಗೊತ್ತಿರ್ಲಿಲ್ಲ, ಅವನು ಪಾಠ ಹೇಳ್ಕೊಂಡಿದ್ದ' ಅನ್ನೋದನ್ನ ಮಾತ್ರ ಎರಡೆರಡು ಸಲ ಓದಿಸಿ ಕೇಳಿದ್ರು."

"ಮೇಡಂ, ಅವರಿಗೆ ಓದೋಕೇ ಬರಲ್ಲ. ಯಾರೋ ಬಾಯಿಪಾಠ ಮಾಡ್ಸಿದ್ದಾರೆ."

"ಗೊತ್ತು ರೀ. ನಂಗೂ ಕಣ್ಣಿದೆ." ಅಧಿಕಾರಿಣಿಯ ದನಿ ತಗ್ಗಿತು. "ಆದರೆ ಹೇಳಿಕೆ ಆಗೋಯ್ತು. ವಿಡಿಯೋ ಇದೆ, ಸಹಿ ಇದೆ. ನಾನು ಅದನ್ನ ಹರಿದು ಹಾಕೋಕಾಗಲ್ಲ. ವಯಸ್ಸಾಗಿದೆ ಅಂತ ಇವತ್ತು ಮನೆಗೆ ಕಳಿಸಿದೀನಿ. ನಾಳೆ ಮೇಲಿನವರು ಅರೆಸ್ಟ್ ಅಂದ್ರೆ ಅರೆಸ್ಟ್."

ಮಗನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಒಪ್ಪಿಕೊಳ್ಳಲು ಹೋಗುವುದೆಲ್ಲಿ ಬಂತು? ಒಪ್ಪಿಕೊಳ್ಳದವನನ್ನು ಕೊಲ್ಲುವವರು ಯಾರು? ಸೊಸೆಗೊಂದು ಗುಮಾಸ್ತೆಯ ಕುರ್ಚಿ ಉಳಿಸಲು ಹೋಗಿ ತಾಯಿ ಮಗನ ಕೊಲೆಯನ್ನೇ ಇಲ್ಲವಾಗಿಸಿದ್ದಳು. ಉಮಾಶಂಕರನ ವಕೀಲ ಕೋರ್ಟಿನಲ್ಲಿ ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ, ಆ ವಿಡಿಯೋ ಹಾಕಿದರೆ ಸಾಕು.

ಚಿನ್ನಸ್ವಾಮಿ ಪೆನ್ನಿಗೆ ಕ್ಯಾಪು ಹಾಕಿದ. ಅರ್ಧ ಬರೆದ ಹಾಳೆಯನ್ನು ಮಡಚಿ, ಮಡಚಿ, ಮುಷ್ಟಿಯೊಳಕ್ಕೆ ಸೇರಿಸಿಕೊಂಡ.

"ಮಾಲೀಕರೇ ಒಪ್ಕೊಂಡ್ರಲ್ಲ ಮೇಡಂ. ಇನ್ನು ನಾನು ಬರೆದು ಏನಾಗ್ಬೇಕು? ಫೋನು ಪಾರ್ಟಿದು. ನಾನು ಚಾರ್ಜ್ ಮಾಡಿ ಇಟ್ಟಿದ್ದೆ ಅಷ್ಟೇ."

"ಏನಪ್ಪಾ, ಈಗ ತಾನೇ ಹೇಳ್ದಲ್ಲ ನೀನು!" ಬೈರೇಶ್ ಮೇಜಿನ ಮೇಲೆ ಕೈ ಬಡಿದ.

"ಏನ್ ಹೇಳ್ದೆ? ಮಗ್ಗದ ಸದ್ದಲ್ಲಿ ಏನ್ ಕೇಳಿಸ್ತೋ ನಿಮಗೆ."

ಹರ್ಷಿತ ಅವರ ಕಡೆ ನೋಡಲಿಲ್ಲ. ಕರೆ ಇನ್ನೂ ಕಡಿದಿರಲಿಲ್ಲ. "ಮೇಡಂ, ಅಜ್ಜಿ ಜೊತೆ ಯಾರು ಬಂದಿದ್ರು?"

"ಅಣ್ಣನ ಮಗ ಅಂತೆ. ಗಡ್ಡ ಇತ್ತು, ಒಳ್ಳೇ ಕಟ್ಟುಮಸ್ತು ಆಳು. ಅವರ ಚೀಲ ಹಿಡ್ಕೊಂಡು, ನೀರು ಕುಡಿಸಿ, ಚೆನ್ನಾಗಿ ನೋಡ್ಕೊಂಡ ಪಾಪ. ಊರಿಗೆ ಬಿಡ್ತೀನಿ ಅಂತ ಕಾರಲ್ಲಿ ಕರ್ಕೊಂಡು ಹೋದ. ಯಾಕೆ?"

ಹರ್ಷಿತ ಸಿಂಧುವಿಗೆ ಫೋನ್ ಹಚ್ಚಿದಳು. ಸಿಂಧು ಡೇರಿಯಿಂದ ಬರುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತಂತೆ. ಅತ್ತೆ ಇನ್ನೂ ಬಂದಿರಲಿಲ್ಲ.

"ಉಮಾಶಂಕರಣ್ಣ ಜೊತೆಲಿದ್ದಾರೆ ಅಂತ ಪಕ್ಕದ ಮನೆಯೋರು ಹೇಳಿದ್ರು ಮೇಡಂ. ಹಂಗಾಗಿ ಭಯ ಇಲ್ಲ," ಎಂದಳು ಸಿಂಧು.

ಮಧ್ಯೆ ವೆಂಕಟರಾಯಪ್ಪನ ಕರೆ ಬಂತು. "ತಾಯಿನೇ ಹೇಳ್ಬಿಟ್ಳಂತಲ್ಲಮ್ಮ, ಮಗನಿಗೂ ಅದಕ್ಕೂ ಸಂಬಂಧ ಇಲ್ಲ ಅಂತ. ಇನ್ನೇನು ಹುಡುಕ್ತಿದೀಯ? ಜೀಪು ತಗೊಂಡು ಸ್ಟೇಷನ್ನಿಗೆ ಬಾ. ಫೈಲು ಮುಗಿಸು." ಉತ್ತರಕ್ಕೆ ಕಾಯದೆ ಇಟ್ಟರು.

ಅಕ್ಕಯಮ್ಮನ ಬಳಿ ಮೊಬೈಲ್ ಇರಲಿಲ್ಲ. ಹರ್ಷಿತ ಚಿನ್ನಸ್ವಾಮಿಯ ಮೊಬೈಲನ್ನೇ ಕಿತ್ತುಕೊಂಡು ಉಮಾಶಂಕರನ ನಂಬರು ಒತ್ತಿದಳು. ಎರಡನೇ ರಿಂಗಿಗೆ ಎತ್ತಿದ.

"ಹೇಳು ಚಿನ್ನಣ್ಣ. ಕೆಲಸ ಆಯ್ತು."

"ನಾನು ಎಸ್ಐ ಹರ್ಷಿತ."

ಅವನ ದನಿ ಬದಲಾಗಲಿಲ್ಲ. "ಹೇಳಿ ಮೇಡಂ."

"ಅಜ್ಜಿ ಎಲ್ಲಿ?"

"ಪಕ್ಕದಲ್ಲೇ ಇದಾರೆ. ಎಳನೀರು ಕುಡೀತಿದಾರೆ. ಕೊಡ್ಲಾ?"

ಫೋನು ಕೈ ಬದಲಾಯಿಸಿತು. ಲಾರಿಯೊಂದು ಹಾದುಹೋದ ಸದ್ದು.

"ಯಾರು? ಪೋಲೀಸ್ ತಾಯಿಯಾ?"

"ಅಜ್ಜಿ, ಕಾರಿಂದ ಇಳೀರಿ. ಈಗ್ಲೇ ಇಳೀರಿ. ಹೊಟ್ಟೆನೋವು ಅನ್ನಿ, ಏನಾದ್ರೂ ಅನ್ನಿ. ಜನ ಇರೋ ಕಡೆ ನಿಂತ್ಕೊಳ್ಳಿ, ನಾನು ಬರ್ತೀನಿ. ಎಲ್ಲಿದೀರಿ ಹೇಳಿ."

"ನಿನ್ ಮಾತು ಮೀರ್ದೆ, ಬೇಜಾರು ಮಾಡ್ಕಬ್ಯಾಡ. ಸೈನ್ ಹಾಕ್ಬಿಟ್ಟೆ. ಸಿಂಧುಗೆ ಕೆಲಸ ಆಗ್ಲಿ."

"ಅದೆಲ್ಲ ಆಮೇಲೆ ಅಜ್ಜಿ. ನೀವು ಯಾರ ಪಕ್ಕ ಕೂತಿದೀರಿ ಗೊತ್ತಾ ನಿಮಗೆ?"

ಎಳನೀರಿನ ಬುರುಡೆ ಕೆಳಗಿಟ್ಟ ಸದ್ದು ಹರ್ಷಿತಳಿಗೆ ಕೇಳಿಸಿತು.

"ಗೊತ್ತು ಕಣವ್ವ," ಎಂದಳು ಅಕ್ಕಯಮ್ಮ. "ಆ ಹೆಲ್ಮೆಟ್ ಪಟ್ಟಿ ಯಾರ ಗದ್ದಕ್ಕೆ ಸಡಿಲ ಆಗಿತ್ತು ಅಂತ ಗೊತ್ತಿದ್ದೇ ಹತ್ತಿದೀನಿ."

ಕರೆ ಕಡಿಯಿತು. ಹರ್ಷಿತ ಮತ್ತೆ ಒತ್ತಿದಾಗ ಆ ನಂಬರು ಸ್ವಿಚ್ ಆಫ್ ಆಗಿತ್ತು.